ಸಮುದ್ರದ ಪಾಲು

‘ಸಮುದ್ರದ ಪಾಲಾಗುತ್ತಿರುವ ನೀರು’ ಎಂಬ ಮಾತನ್ನು ನಮ್ಮ ಕಡೆ ಕೇಳದವರಿಲ್ಲ. ಚುನಾವಣೆಯ ವೇದಿಕೆ, ರೈತರ ಸಭೆ, ಪೆರೇಸಂದ್ರದ ಟೀ ಅಂಗಡಿ, ಎಲ್ಲೆಡೆ ಅದು ಒಂದೇ ರೂಪದಲ್ಲಿ ಬರುತ್ತದೆ: ಪಶ್ಚಿಮ ಘಟ್ಟದಲ್ಲಿ ಬಿದ್ದ ಮಳೆ ಯಾರ ಉಪಯೋಗಕ್ಕೂ ಬಾರದೆ ಅರಬ್ಬಿ ಸಮುದ್ರ ಸೇರುತ್ತಿದೆ, ಅದನ್ನು ಇತ್ತ ತಿರುಗಿಸಿ ನಮಗೆ ಕೊಡಿ. ಕೇಳಿಕೆ ಸರಳವಾದದ್ದು, ಅದರ ಹಿಂದಿನ ನೋವು ನಿಜವಾದದ್ದು. ಆದರೆ ಆ ಮಾತಿನೊಳಗೆ ಒಂದು ತೀರ್ಪೂ ಅಡಗಿದೆ. ಸಮುದ್ರ ಸೇರಿದ್ದು ವ್ಯರ್ಥ, ವ್ಯರ್ಥವಾಗುವುದಕ್ಕೆ ಯಜಮಾನರಿಲ್ಲ, ಯಜಮಾನರಿಲ್ಲದ್ದನ್ನು ಬಾಯಾರಿದವನು ತೆಗೆದುಕೊಂಡರೆ ಯಾರಿಗೂ ನಷ್ಟವಿಲ್ಲ. ಈ ಮೂರು ಮೆಟ್ಟಿಲುಗಳು ಎಷ್ಟು ಗಟ್ಟಿ? ಬಾಯಾರಿಕೆಗೆ ಇನ್ನೊಬ್ಬರ ನದಿಯ ಮೇಲೆ ಹಕ್ಕಿದೆಯೆ? ಇದ್ದರೆ ಅದು ಎಂಥ ಹಕ್ಕು?

ಮೊದಲು ಬಾಯಾರಿಕೆಯ ಮಾತು ಹೇಳಿಬಿಡುತ್ತೇನೆ, ಏಕೆಂದರೆ ಅದನ್ನು ಹಗುರ ಮಾಡಿ ಈ ಪ್ರಶ್ನೆಯನ್ನು ಬಿಡಿಸಲು ಬರುವುದಿಲ್ಲ. ನಮ್ಮ ಊರು ಚಿಕ್ಕಬಳ್ಳಾಪುರ ತಾಲ್ಲೂಕಿನ ಮಂಡಿಕಲ್. ವರ್ಷಕ್ಕೆ ಸುಮಾರು 700–750 ಮಿಲಿಮೀಟರ್ ಮಳೆ, ಅದೂ ಬಂದರೆ ಬಂತು. ನಂದಿ ಬೆಟ್ಟದ ಸುತ್ತ ಚಿತ್ರಾವತಿ, ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ ಹುಟ್ಟುತ್ತವೆ ಎಂದು ಶಾಲೆಯಲ್ಲಿ ಹೆಮ್ಮೆಯಿಂದ ಓದಿದ್ದೇವೆ, ಆದರೆ ವರ್ಷವಿಡೀ ಹರಿಯುವ ಹೊಳೆ ಒಂದೂ ನಮ್ಮಲ್ಲಿಲ್ಲ. ಕೊಳವೆಬಾವಿ 1000 ಅಡಿ ದಾಟಿ 1500 ಅಡಿಯವರೆಗೂ ಇಳಿದಿದೆ. ಅಷ್ಟು ಆಳದಿಂದ ಬಂದ ನೀರಿನಲ್ಲಿ ಎಷ್ಟೋ ಊರುಗಳಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂನ ಮಿತಿಯನ್ನು ಮೀರಿರುತ್ತದೆ. ಬಾಗೇಪಲ್ಲಿ, ಗುಡಿಬಂಡೆ ಕಡೆಯ ಮಕ್ಕಳ ಹಲ್ಲಿನ ಮೇಲಿನ ಕಂದು ಗೆರೆ ಕೊಳೆಯಲ್ಲ, ಆ ನೀರು. ಕುಡಿಯುವ ನೀರಿಗೆ ಶುದ್ಧೀಕರಣ ಘಟಕದ ಮುಂದೆ ಕ್ಯಾನ್ ಹಿಡಿದು ನಾಣ್ಯ ಹಾಕಿ ಕಾಯಬೇಕು. 2016ರ ಮಾರ್ಚ್‌ನಲ್ಲಿ ಚಿಕ್ಕಬಳ್ಳಾಪುರ, ಕೋಲಾರದ ರೈತರು ಟ್ರ್ಯಾಕ್ಟರ್ ಹತ್ತಿ ಬೆಂಗಳೂರಿನ ಕಡೆ ಹೊರಟದ್ದು ಶೋಕಿಗಲ್ಲ. ಶಾಶ್ವತ ನೀರಾವರಿ ಎಂಬ ಎರಡು ಪದ ನಮ್ಮಲ್ಲಿ ಒಂದು ತಲೆಮಾರಿನ ಆಸೆ.

ಆ ಆಸೆಗೆ ಸರ್ಕಾರ ಕೊಟ್ಟ ಉತ್ತರ ಎತ್ತಿನಹೊಳೆ. ಸಕಲೇಶಪುರದ ಘಟ್ಟದಲ್ಲಿ ಎತ್ತಿನಹೊಳೆ, ಕಾಡುಮನೆಹೊಳೆ, ಕೇರಿಹೊಳೆ, ಹೊಂಗಡಹಳ್ಳಗಳಿಗೆ ಎಂಟು ಕಡೆ ಒಡ್ಡು ಕಟ್ಟಿ, ಮಳೆಗಾಲದ ನೀರನ್ನು ಪಂಪಿನಿಂದ ಮೇಲೆತ್ತಿ, ಸುಮಾರು 250 ಕಿಲೋಮೀಟರ್ ಕಾಲುವೆಯಲ್ಲಿ ಪೂರ್ವಕ್ಕೆ ಹರಿಸುವ ಯೋಜನೆ. ಲೆಕ್ಕ 24.01 ಟಿಎಂಸಿ. ಅಲ್ಲಿ ಸಿಗುವುದೇ 9.55 ಟಿಎಂಸಿ ಎಂದು ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಅವರ ತಂಡ ಹೇಳಿತ್ತು. 8 ಸಾವಿರ ಕೋಟಿಯಲ್ಲಿ ಶುರುವಾದ ಅಂದಾಜು 23 ಸಾವಿರ ಕೋಟಿ ದಾಟಿತು. 2024ರ ಸೆಪ್ಟೆಂಬರ್ 6ರಂದು ಮೊದಲ ಹಂತಕ್ಕೆ ಚಾಲನೆ ಸಿಕ್ಕಿತು.

ಅದಾಗಿ ಐದು ವಾರಕ್ಕೆ ದಸರೆ. ಆಯುಧಪೂಜೆ ಶುಕ್ರವಾರ, ವಿಜಯದಶಮಿ ಶನಿವಾರ, ಆಮೇಲೆ ಭಾನುವಾರ. ಮೂರು ದಿನ ಒಟ್ಟಿಗೆ ಸಿಕ್ಕಿದ ರಜೆ. ನನ್ನ ಜೊತೆ ಕೆಲಸ ಮಾಡುವ ಉಳ್ಳಾಲದ ಗೆಳೆಯನೊಬ್ಬ ಬಹಳ ದಿನದಿಂದ ಕರೆಯುತ್ತಿದ್ದ: ಬನ್ನಿ, ದೋಣಿಯಲ್ಲಿ ನೇತ್ರಾವತಿ ತೋರಿಸುತ್ತೇನೆ. ಹಬ್ಬಕ್ಕೆ ಬೆಳೆದ ಸೇವಂತಿಗೆಯನ್ನೆಲ್ಲ ಮಾರಿ, ಟ್ರ್ಯಾಕ್ಟರಿಗೆ ಪೂಜೆ ಮಾಡಿ, ನಮ್ಮ ಅಣ್ಣನೂ ಸಂಸಾರ ಸಮೇತ ಹೊರಟ. ಸಕಲೇಶಪುರದ ಬಳಿ ರಸ್ತೆ ಬದಿಯಲ್ಲಿ ಯೋಜನೆಯ ದೊಡ್ಡ ಕೊಳವೆಗಳು ಕಂಡಾಗ ಮಕ್ಕಳನ್ನು ಎಬ್ಬಿಸಿ, ‘ನಮ್ಮ ನೀರು ಬರೋ ದಾರಿ ನೋಡ್ರಿ’ ಎಂದ. ಶಿರಾಡಿ ಘಾಟಿ ಇಳಿಯುವಾಗ ಜೊತೆಗೆ ಇಳಿಯುವ ಹೊಳೆಯೇ ಕೆಳಗೆ ಕುಮಾರಧಾರೆಯನ್ನು ಸೇರಿ, ಉಪ್ಪಿನಂಗಡಿಯಲ್ಲಿ ನೇತ್ರಾವತಿಯಾಗಿ, ಬಂಟ್ವಾಳ ದಾಟಿ ಮಂಗಳೂರಿಗೆ ಬರುತ್ತದೆ. ಹಾಗಾಗಿ ಆ ಎರಡು ದಿನ ನಾವು ತೇಲಿದ್ದು ಯಾವುದೋ ಊರಿನ ಚೆಂದದ ನೀರಿನ ಮೇಲಲ್ಲ. ಯಾವ ನೀರನ್ನು ನಾವು ಕೇಳುತ್ತಿದ್ದೇವೋ ಅದೇ ನೀರಿನ ಮೇಲೆ.

ನೇತ್ರಾವತಿ ಕಾಗದದ ಮೇಲೆ ಒಂದು ಹೆದ್ದಾರಿಯೂ ಹೌದು. 2016ರ ಕಾಯ್ದೆಯಲ್ಲಿ ದೇಶದ 111 ರಾಷ್ಟ್ರೀಯ ಜಲಮಾರ್ಗಗಳ ಪಟ್ಟಿಯಾದಾಗ ಇದಕ್ಕೆ 74ನೆಯ ಸಂಖ್ಯೆ ಬಂತು, ಪಕ್ಕದ ಗುರುಪುರ ನದಿಗೆ 43. ಆದರೆ ನೀರಿನ ಮೇಲೆ ಹೋಗುವವರಿಗೆ ಆ ಸಂಖ್ಯೆಗಿಂತ ಉಬ್ಬರ ಇಳಿತದ ಹೊತ್ತೇ ಮುಖ್ಯ. ದೋಣಿಯವರು ಗಡಿಯಾರಕ್ಕಿಂತ ಹೆಚ್ಚಾಗಿ ದಡದ ಕಂಬದ ಮೇಲಿನ ಒದ್ದೆ ಗುರುತನ್ನು ನೋಡುತ್ತಿದ್ದರು. ಶನಿವಾರ ಇಳಿತದ ಜೊತೆ ಅಳಿವೆ ಬಾಗಿಲಿನ ಕಡೆ ಹೋದೆವು. ಒಂದು ಕಡೆ ಉಳ್ಳಾಲ, ಇನ್ನೊಂದು ಕಡೆ ಬೆಂಗ್ರೆಯ ಉದ್ದನೆಯ ಮರಳು ನಾಲಗೆ. ಅದರ ಹಿಂದಿನಿಂದ ಗುರುಪುರ ನದಿ ಬಂದು ಸೇರುತ್ತದೆ. ಹಳೆ ಬಂದರಿನ ಕಡೆಯಿಂದ ಮೀನಿನ ಬೋಟುಗಳು ಬರುತ್ತಿದ್ದವು. ಮುಂದೆ ಕೆಂಪು ಬೆರೆತ ಹೊಳೆನೀರು ಮತ್ತು ಹಸಿರು ಸಮುದ್ರದ ನೀರು ಸೇರುವಲ್ಲಿ ಒಂದು ಗೆರೆ, ಗೆರೆಯುದ್ದಕ್ಕೂ ನೊರೆ, ನೊರೆಯ ಮೇಲೆ ಹಕ್ಕಿಗಳು.

ಅಣ್ಣ ಎದ್ದು ನಿಂತ. ‘ಇಷ್ಟು ನೀರು ಸುಮ್ನೆ ಹೋಗ್ತಾ ಐತಲ್ಲೋ’ ಎಂದ ನನಗೆ.

ದೋಣಿಯವರು ಇಂಜಿನ್ ತಗ್ಗಿಸಿ ಕೇಳಿದರು, ‘ನೀವು ಘಟ್ಟದ ಮೇಲಿನವರಾ?’

ಚಿಕ್ಕಬಳ್ಳಾಪುರ ಎಂದೆ.

‘ಹಾಗೆ ಹೇಳಿ. ಎತ್ತಿನಹೊಳೆಯವರು.’ ಅವರು ನಕ್ಕರು, ಕೋಪವಿರಲಿಲ್ಲ. ಆಮೇಲೆ ಅಣ್ಣನಿಗೆ ಹೇಳಿದರು, ‘ಸುಮ್ಮನೆ ಹೋಗುವುದಲ್ಲ ಮಾರಾಯ್ರೆ, ಅದಕ್ಕೆ ಕೆಲಸ ಉಂಟು.’

ಏನು ಕೆಲಸ ಎಂಬುದು ಮಾರನೆಯ ದಿನ ಉಬ್ಬರದ ಜೊತೆ ಮೇಲಕ್ಕೆ ಹೋಗುವಾಗ ಸ್ವಲ್ಪ ಸ್ವಲ್ಪವಾಗಿ ಗೊತ್ತಾಯಿತು. ಹೆದ್ದಾರಿ ಸೇತುವೆ, ರೈಲಿನ ಸೇತುವೆ ದಾಟಿದರೆ ಹೊಳೆಯ ನಡುವೆ ಕುದ್ರುಗಳು. ನದಿ ತಾನೇ ತಂದು ಹಾಕಿದ ಮಣ್ಣಿನ ಮೇಲೆ ತೆಂಗು, ಮನೆ, ದೇವರು. ಕಾಂಡ್ಲಾ ಗಿಡಗಳ ಬೇರಿನ ನಡುವೆ ಸಿಹಿ ಮತ್ತು ಉಪ್ಪು ಬೆರೆತ ನೀರಿನಲ್ಲಿ ಸಿಗಡಿಯ ಮರಿ, ಮೀನಿನ ಮರಿ ಬೆಳೆಯುತ್ತವೆ. ‘ಈಗ ನೀರು ಸಪ್ಪೆ ಉಂಟು, ಸ್ವಲ್ಪ ಉಪ್ಪಾಗಲಿ, ಆಮೇಲೆ ಮರುವಾಯಿ ಹೆಕ್ಕುವುದು’ ಎಂದರು ದೋಣಿಯವರು. ಮರುವಾಯಿ ಎಂದರೆ ಚಿಪ್ಪು. ತೀರಾ ಉಪ್ಪೂ ಆಗದು, ತೀರಾ ಸಿಹಿಯೂ ಆಗದು. ಮಳೆಗಾಲದ ನೆರೆ ಉಪ್ಪನ್ನು ಹಿಂದಕ್ಕೆ ತಳ್ಳದಿದ್ದರೆ ಬೇಸಿಗೆಯಲ್ಲಿ ಸಮುದ್ರ ಒಳಗೆ ಬರುತ್ತದೆ, ದಡದ ಬಾವಿ ಉಪ್ಪಾಗುತ್ತದೆ. ನದಿ ತರುವ ಮರಳೇ ಕಡಲ ತೀರವನ್ನೂ ಕಟ್ಟುತ್ತದೆ. ಇದೆಲ್ಲ ಪಾಠಪುಸ್ತಕದಲ್ಲಿರುವ ವಿಷಯವೇ. ಆದರೆ ಅಲ್ಲಿ ಅದು ಜನರ ಊಟವಾಗಿ, ಮನೆಯಾಗಿ, ಬಾವಿಯಾಗಿ ಕಾಣುತ್ತದೆ.

ಆ ನೀರಿಗೂ ನಮಗೂ ಹಳೆಯ ನಂಟೊಂದಿದೆ. 19ನೆಯ ಶತಮಾನದಲ್ಲಿ ಬಾಸೆಲ್ ಮಿಷನ್‌ನವರು ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಇಟ್ಟರು. ಈ ಹೊಳೆಗಳ ದಡದ ಜೇಡಿಮಣ್ಣು ದೋಣಿಯಲ್ಲಿ ಬಂದು, ಸುಟ್ಟ ಹೆಂಚಾಗಿ ಘಟ್ಟ ಹತ್ತಿತು. ಬಯಲುಸೀಮೆಯ ಎಷ್ಟೋ ಶಾಲೆಗಳ ಮಾಡಿನ ಮೇಲೆ ಮಂಗಳೂರು ಹೆಂಚು ಇವತ್ತಿಗೂ ಇದೆ. ಒಂದನ್ನು ತೆಗೆದು ತಿರುಗಿಸಿ ನೋಡಿದರೆ ಕಾರ್ಖಾನೆಯ ಹೆಸರು ಒತ್ತಿರುತ್ತದೆ. ಎಲ್ಲಿಂದ ಬಂತು, ಯಾರ ಕೈಯಿಂದ ಬಂತು ಎಂಬುದು ವಸ್ತುವಿನ ಮೇಲೇ ಬರೆದಿತ್ತು, ಬೆಲೆಯನ್ನೂ ಕೊಟ್ಟಿದ್ದೆವು. ನೀರಿಗೆ ಅಂಥ ಮುದ್ರೆಯಿಲ್ಲ. ಅದಕ್ಕೇ ಅದನ್ನು ಯಾರದೂ ಅಲ್ಲ ಎನ್ನುವುದು ಸುಲಭ.

‘ವ್ಯರ್ಥ’ ಎಂಬ ಪದದ ಬಲ ದೊಡ್ಡದು. ಇಂಗ್ಲೆಂಡಿನ ಜಾನ್ ಲಾಕ್ 1689ರಲ್ಲಿ ಆಸ್ತಿಯ ಹಕ್ಕಿನ ಬಗ್ಗೆ ಬರೆಯುವಾಗ ಎರಡು ಮಾತು ಹೇಳಿದ. ಪ್ರಕೃತಿಯಲ್ಲಿ ಇರುವುದಕ್ಕೆ ನಮ್ಮ ದುಡಿಮೆ ಬೆರೆಸಿದರೆ ಅದು ನಮ್ಮದಾಗುತ್ತದೆ, ಆದರೆ ಉಳಿದವರಿಗೂ ಸಾಕಷ್ಟು, ಅಷ್ಟೇ ಒಳ್ಳೆಯದು ಉಳಿದಿರಬೇಕು ಎಂಬುದು ಒಂದು. ಉಳುಮೆಯಿಲ್ಲದೆ ಪ್ರಕೃತಿಗೇ ಬಿಟ್ಟ ನೆಲ ವ್ಯರ್ಥ ನೆಲ ಎಂಬುದು ಇನ್ನೊಂದು. ಎರಡನೆಯದು ಮೊದಲನೆಯದನ್ನು ತಿಂದುಹಾಕಿತು. ನೆಲ ವ್ಯರ್ಥ ಎಂದಾದ ಮೇಲೆ ಅಲ್ಲಿ ಬೇಟೆಯಾಡುತ್ತಿದ್ದವರು, ಹಣ್ಣು ಆಯುತ್ತಿದ್ದವರು ಲೆಕ್ಕಕ್ಕೇ ಬರಲಿಲ್ಲ.

ಇದನ್ನು ತಿಳಿಯಲು ನಮ್ಮವರಿಗೆ ಲಾಕ್ ಬೇಕಿಲ್ಲ, ಪಹಣಿ ಸಾಕು. ಅದರಲ್ಲಿ ‘ಖರಾಬು’ ಎಂಬ ಕಾಲಂ ಇದೆ. ಕಲ್ಲುಗುಡ್ಡ, ಹಳ್ಳ, ದಾರಿ, ಬೆಳೆಗೆ ಬಾರದ ಜಾಗವೆಲ್ಲ ಖರಾಬು. ಸರ್ಕಾರಿ ಕಾಗದದಲ್ಲಿ ಅದು ಕೆಟ್ಟ ಜಾಗ. ಕುರಿ ಮೇಯಿಸುವವನಿಗೆ ಅದೇ ಜೀವನ, ಸೀತಾಫಲ ಆಯುವವಳಿಗೆ ಅದೇ ತೋಟ. ಕೆರೆಗೆ ಅದು ತಾಯಿ: ಗುಡ್ಡದ ಮೇಲೆ ಬಿದ್ದ ಮಳೆ ಖರಾಬಿನ ಮೇಲೆ ಹರಿದು, ರಾಜಕಾಲುವೆ ಹಿಡಿದು ಕೆರೆಗೆ ಬರುತ್ತಿತ್ತು. ಖರಾಬು ತಾನೆ ಎಂದು ಗುಡ್ಡಗಳನ್ನು ಕ್ರಷರ್‌ಗಳಿಗೆ ಕೊಟ್ಟೆವು, ಕಾಲುವೆಗಳನ್ನು ಒತ್ತಿದೆವು, ಕೆರೆಗಳು ಒಣಗಿದವು. ವ್ಯರ್ಥ ಎಂದು ಕರೆಸಿಕೊಂಡ ಜಾಗ ಏನೇನು ಕೆಲಸ ಮಾಡುತ್ತಿತ್ತು ಎಂಬುದು ಅದು ಹೋದ ಮೇಲೆ ತಿಳಿಯುತ್ತದೆ. ಈ ಪಾಠ ಕಲಿತ ಸೀಮೆಯವರು ನಾವು. ನಮ್ಮ ಖರಾಬಿನ ಬಗ್ಗೆ ಒಂದು ಕಣ್ಣು, ಅವರ ಅಳಿವೆಯ ಬಗ್ಗೆ ಇನ್ನೊಂದು ಕಣ್ಣು ಇಟ್ಟುಕೊಳ್ಳುವುದು ನ್ಯಾಯವಲ್ಲ.

ಹಾಗಾದರೆ ನ್ಯಾಯದ ಅಳತೆ ಯಾವುದು? ಅದೂ ನಮ್ಮ ಕೆರೆಯಲ್ಲೇ ಇದೆ ಎಂದು ನನಗನ್ನಿಸುತ್ತದೆ. ನಮ್ಮ ಕೆರೆಗಳು ಒಂಟಿಯಲ್ಲ, ಸರಪಳಿ. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ಆ ನೀರು ಕೆಳಗಿನ ಊರಿನ ಕೆರೆಗೆ. ತೂಬಿನ ನೀರನ್ನು ಗದ್ದೆಗಳಿಗೆ ಹಂಚುವವನು ನೀರುಗಂಟಿ. ಎಷ್ಟು ಹಂಚಬೇಕು ಎಂಬುದು ಊರೊಳಗಿನ ವಿಷಯ, ಆದರೆ ಕೋಡಿಯ ಎತ್ತರ ಊರೊಳಗಿನ ವಿಷಯವಲ್ಲ. ಯಾರಾದರೂ ರಾತ್ರೋರಾತ್ರಿ ಕೋಡಿಗೆ ಕಲ್ಲು ಪೇರಿಸಿ ಎತ್ತರಿಸಿದರೆ ಬೆಳಗ್ಗೆ ಕೆಳಗಿನ ಊರಿನವರು ದೊಣ್ಣೆ ಹಿಡಿದು ಬರುತ್ತಿದ್ದರು; ಮೇಲಿನ ಊರಿನ ಹಿರಿಯರೂ ಅವರ ಪರವಾಗಿಯೇ ಮಾತಾಡಬೇಕಾಗುತ್ತಿತ್ತು. ಕೋಡಿ ಬಿದ್ದ ದಿನ ಪೂಜೆ ಮಾಡಿ ಬಾಗಿನ ಬಿಟ್ಟರೇ ಹೊರತು, ಅಯ್ಯೋ ನೀರು ವ್ಯರ್ಥವಾಯಿತು ಎಂದು ಯಾರೂ ಅಳಲಿಲ್ಲ. ತುಂಬಿ ಹರಿದದ್ದು ಮುಂದಿನವರ ಪಾಲು. ಈ ಸರಪಳಿಯನ್ನು ಕೊನೆಯವರೆಗೆ ಹಿಡಿದುಕೊಂಡು ಹೋದರೆ ಕಡೆಯ ಕೆರೆ ಯಾವುದು? ಸಮುದ್ರವೇ. ‘ಸಮುದ್ರದ ಪಾಲಾಯಿತು’ ಎಂದು ನಷ್ಟದ ಅರ್ಥದಲ್ಲಿ ಹೇಳುವಾಗಲೂ ನಮ್ಮ ಭಾಷೆ ‘ಪಾಲು’ ಎನ್ನುತ್ತದೆ. ಪಾಲು ಎಂದ ಮೇಲೆ ಪಾಲುದಾರನಿದ್ದಾನೆ.

ಇಲ್ಲಿ ಅಣ್ಣನ ಆಕ್ಷೇಪವನ್ನು ಕೇಳಲೇಬೇಕು. ಅದನ್ನು ಅವನು ಭಾನುವಾರ ದೋಣಿಯಲ್ಲೇ ಎತ್ತಿದ. ‘ಮೀನಿಗೆ ನೀರು ಬೇಕು, ಒಪ್ಕೋತೀನಿ. ನನ್ನ ಮಗಳ ಹಲ್ಲಿಗೆ ಏನು ಹೇಳ್ತೀಯ?’ ಇದಕ್ಕೆ ಜಾಣ ಉತ್ತರಗಳು ಬೇಕಾದಷ್ಟಿವೆ, ಯಾವುದೂ ಸಾಲದು. ಕುಡಿಯುವ ನೀರಿಲ್ಲದ ಮಗುವನ್ನು ಒಂದು ತಕ್ಕಡಿಯಲ್ಲಿ, ಮರುವಾಯಿಯನ್ನು ಇನ್ನೊಂದರಲ್ಲಿ ಇಟ್ಟರೆ ನಾನು ಮಗುವಿನ ಕಡೆ. ತುಂಬಿ ಹರಿಯುವ ಹೊಳೆಯ ಯಜಮಾನ ಬಾಯಾರಿದವನಿಗೆ ಇಲ್ಲ ಎನ್ನಬಾರದು ಎಂಬುದೂ ಧರ್ಮವೇ. ಅವರ ಜಿಲ್ಲೆಯಲ್ಲಿ ಮಳೆ ವರ್ಷಕ್ಕೆ 3500 ಮಿಲಿಮೀಟರ್ ದಾಟುತ್ತದೆ. ಅವರೂ ಹೊಳೆಯನ್ನು ಬಂಗಾರದಂತೆ ನೋಡಿಕೊಂಡಿಲ್ಲ: ಮರಳು ತೆಗೆದೂ ತೆಗೆದೂ ತಮ್ಮ ಕುದ್ರು ಕರಗುತ್ತಿದೆ ಎಂದು ಪಾವೂರು ಉಳಿಯದವರು ದೂರುತ್ತಲೇ ಇದ್ದಾರೆ. ಇದನ್ನೆಲ್ಲ ಒಪ್ಪಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಬಾಯಾರಿಕೆ ನಮಗೆ ಕೇಳುವ ಹಕ್ಕು ಕೊಡುತ್ತದೆ, ಕೊಡುವವರ ಮೇಲೆ ಒಂದು ಕರ್ತವ್ಯವನ್ನೂ ಹೊರಿಸುತ್ತದೆ. ಆದರೆ ಕೊಡುವವರೇ ಇಲ್ಲ ಎನ್ನುವ ಹಕ್ಕನ್ನೂ ಅದು ಕೊಡುತ್ತದೆಯೆ?

2016ರ ಬೇಸಿಗೆಯನ್ನು ನೆನೆಯಿರಿ. ಮಾರ್ಚ್‌ನಲ್ಲಿ ನಮ್ಮ ಟ್ರ್ಯಾಕ್ಟರ್‌ಗಳು ಬೀದಿಗಿಳಿದವು. ಅದೇ ಬೇಸಿಗೆಯಲ್ಲಿ ತುಂಬೆಯ ಅಣೆಕಟ್ಟೆಯಲ್ಲಿ ನೀರು ಬತ್ತಿ ಮಂಗಳೂರು ನಗರ ಕುಡಿಯುವ ನೀರಿಗೆ ಪರದಾಡಿತು. ಮೇ ತಿಂಗಳಲ್ಲಿ ಎತ್ತಿನಹೊಳೆಯ ವಿರುದ್ಧ ದಕ್ಷಿಣ ಕನ್ನಡ ಬಂದ್ ಆಯಿತು. ಯೋಜನೆ ತೆಗೆಯುವುದು ಮಳೆಗಾಲದ ನೀರನ್ನು, ಬೇಸಿಗೆಯ ನೀರನ್ನಲ್ಲ ಎಂಬ ಉತ್ತರವಿದೆ, ಅದರಲ್ಲಿ ಹುರುಳೂ ಇದೆ. ಆದರೂ ಒಂದೇ ಬೇಸಿಗೆಯಲ್ಲಿ ಎರಡು ಊರು ಬಾಯಾರಿದ್ದಾಗ ಒಬ್ಬರು ಇನ್ನೊಬ್ಬರ ನೀರನ್ನು ‘ವ್ಯರ್ಥ’ ಎಂದರೆ, ಅದು ವಾದಕ್ಕಿಂತ ಹೆಚ್ಚಾಗಿ ಅವಮಾನವಾಗಿ ಕೇಳಿಸುತ್ತದೆ.

ಹಾಗೆ ಕೇಳಿಸುವುದು ಹೇಗಿರುತ್ತದೆ ಎಂದು ನಮಗೂ ಗೊತ್ತು. ಹೆಬ್ಬಾಳ–ನಾಗವಾರ ಕಣಿವೆ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತ ಸಂಸ್ಕರಿಸಿ ನಮ್ಮ ಕೆರೆಗಳಿಗೆ ಬಿಡುತ್ತಾರೆ. ಮೂರನೆಯ ಹಂತವೂ ಆಗಲಿ ಎಂದು ನಮ್ಮವರು ಕೇಳುತ್ತಲೇ ಬಂದಿದ್ದಾರೆ. ಬೆಂಗಳೂರು ಕಾವೇರಿಯನ್ನು ಕುಡಿದು ಉಳಿದದ್ದನ್ನು ನಮಗೆ ಕಳಿಸಿದೆ. ಒಂದು ಕೊಳವೆಯಲ್ಲಿ ಬರುವುದು ಬಳಸುವ ಮೊದಲೇ ವ್ಯರ್ಥ ಎನಿಸಿಕೊಂಡ ನೀರು, ಇನ್ನೊಂದರಲ್ಲಿ ಬರುವುದು ಬಳಸಿದ ಮೇಲೆ ವ್ಯರ್ಥವಾದ ನೀರು. ಎರಡೂ ಕಡೆ ಆ ಪದ ಮಾಡುವ ಕೆಲಸ ಒಂದೇ: ಯಾರೂ ಯಾರಿಗೂ ಉತ್ತರ ಹೇಳಬೇಕಾಗಿಲ್ಲದಂತೆ ಮಾಡುವುದು.

ನಾವು ಮೇಲಿನ ಕೆರೆಯವರಾದದ್ದೂ ಉಂಟು. ಬಾಗೇಪಲ್ಲಿ ತಾಲ್ಲೂಕಿನ ಪರಗೋಡಿನಲ್ಲಿ ಚಿತ್ರಾವತಿಗೆ ಅಡ್ಡ ಕಟ್ಟಲು ಹೊರಟಾಗ ಆಂಧ್ರದವರು ತಕರಾರು ತೆಗೆದರು. ಕೆಳಗೆ ಅನಂತಪುರದ ಕಡೆ ನಮಗಿಂತ ಬರಡು ನೆಲ, ಅಲ್ಲಿಯೂ ಕೆರೆಗಳು ಕಾಯುತ್ತಿದ್ದವು. ನಮಗೆ ಕುಡಿಯಲು ಬೇಕು ಎಂದೆವು, ನಮ್ಮ ಕೆರೆಗೆ ಬರುವ ಪಾಲು ಎಂದರು ಅವರು. ಎರಡೂ ನಿಜ. ಅಲ್ಲಿ ಕೆಳಗಿನವರ ಮಾತನ್ನು ಕೇಳದೆ ಯೋಜನೆ ಮುಂದೆ ಸಾಗುವಂತಿರಲಿಲ್ಲ, ಏಕೆಂದರೆ ಕೆಳಗೆ ಇನ್ನೊಂದು ರಾಜ್ಯವಿತ್ತು, ವಕೀಲರಿದ್ದರು. ನೇತ್ರಾವತಿಯ ಕೆಳಗೆ ಇರುವುದು ನಮ್ಮದೇ ರಾಜ್ಯದ ಜನ, ಅದರಾಚೆ ಮಾತೇ ಬಾರದ ಸಮುದ್ರ.

ಪಾಲು ಎಂದರೇನು, ವ್ಯರ್ಥ ಎಂದರೇನು, ಬಂದು ತಲುಪುವುದು ಅದೇ ನೀರು ತಾನೆ ಎಂದು ಕೇಳಬಹುದು. ವ್ಯತ್ಯಾಸ ನೀರು ತಲುಪುವ ಮೊದಲು ಮತ್ತು ಆಮೇಲೆ ಇದೆ. ವ್ಯರ್ಥಕ್ಕೆ ಮಿತಿಯಿಲ್ಲ, ಪಾಲಿಗೆ ಮಿತಿಯಿದೆ. ಇವತ್ತು ನೇತ್ರಾವತಿ, 2019ರಲ್ಲಿ ಶರಾವತಿಯನ್ನೂ ಬೆಂಗಳೂರಿಗೆ ತರುವ ಮಾತು ಬಂದು ಮಲೆನಾಡು ಬೀದಿಗಿಳಿಯಿತು. ಸಮುದ್ರ ಸೇರುವುದೆಲ್ಲ ವ್ಯರ್ಥವಾದರೆ ಪಶ್ಚಿಮದ ಕೊನೆಯ ಹಳ್ಳದವರೆಗೂ ಕೈ ಚಾಚಬಹುದು. ಎರಡನೆಯದಾಗಿ, ಪಾಲು ಪಡೆದವನು ಲೆಕ್ಕ ಕೊಡಬೇಕಾಗುತ್ತದೆ. ಬಂದ ನೀರು ಮಂಡಿಕಲ್ಲಿನ ನಲ್ಲಿಗೆ ಹೋಯಿತೋ, ದೇವನಹಳ್ಳಿಯ ಕಡೆಯ ಹೊಸ ಬಡಾವಣೆಗಳ ಹುಲ್ಲುಹಾಸಿಗೆ ಹೋಯಿತೋ ಎಂದು ಬೆಂಗ್ರೆಯ ಮೀನುಗಾರ ಕೇಳಿದರೆ, ನಿನಗೇಕೆ ಎನ್ನುವಂತಿಲ್ಲ. ಮೂರನೆಯದಾಗಿ, ಪಾಲು ಕೇಳುವವನು ತನ್ನ ಮನೆಯಲ್ಲಿರುವುದನ್ನು ಮೊದಲು ತೋರಿಸಬೇಕು: ಒತ್ತುವರಿಯಾದ ರಾಜಕಾಲುವೆ ಬಿಡಿಸಿದೆವೆ, ಹೂಳು ತೆಗೆದೆವೆ, ಬಿದ್ದ 700 ಮಿಲಿಮೀಟರನ್ನು ಹಿಡಿದೆವೆ?

ನಮಗೆ ನೀರು ಬೇಕು ಎಂಬುದರಲ್ಲಿ ನನಗೆ ಸಂಕೋಚವಿಲ್ಲ. ಅಣ್ಣನ ಮಗಳ ಹಲ್ಲಿನ ಪ್ರಶ್ನೆಗೆ ಸಮುದ್ರ ಉತ್ತರ ಹೇಳಲಾರದು, ನಾವೇ ಹೇಳಬೇಕು. ಆ ಉತ್ತರದಲ್ಲಿ ಬೇರೆಯವರ ನದಿಯೂ ಒಂದು ಭಾಗವಾಗಬೇಕಾಗಿ ಬಂದರೆ ಹಾಗೇ ಆಗಲಿ. ಆದರೆ ಅದನ್ನು ಕೇಳಿ ಪಡೆಯೋಣ, ಎಷ್ಟು ಎಂದು ಹೇಳಿ ಪಡೆಯೋಣ, ಋಣ ಎಂದು ತಿಳಿದು ಪಡೆಯೋಣ. ಋಣ ಎಂಬ ಭಾವನೆಯಿಂದ ಕುಡಿಯುವ ನೀರು ರುಚಿ ಕೆಡುವುದಿಲ್ಲ. ಬಿಟ್ಟಿ ಸಿಕ್ಕಿದ್ದು ಎಂದುಕೊಂಡ ನೀರನ್ನು ಹೇಗೆ ಬಳಸುತ್ತೇವೆ ಎಂಬುದಕ್ಕೆ ನಮ್ಮ 1500 ಅಡಿಯ ಕೊಳವೆಬಾವಿಗಳೇ ಸಾಕ್ಷಿ. ನೆಲದೊಳಗಿನ ಆ ನೀರನ್ನೂ ಒಂದು ಕಾಲದಲ್ಲಿ ಯಾರದೂ ಅಲ್ಲ ಎಂದೇ ಎತ್ತಿದ್ದು.